ಮಾತ್ರೆ ಮೊದಲು, ಕಾರಣ ಆಮೇಲೆ

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್: ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬೆಳಗಿನ ತಿಂಡಿಗೆ ಮುಂಚೆ ನುಂಗುವ ಶುಗರ್ ಮಾತ್ರೆಗಳು ಇವು. ಹೆಸರು ಬೇರೆಬೇರೆಯಾದರೂ ಮೂರೂ ಸೇರುವುದು ಸಲ್ಫೊನೈಲ್‌ಯೂರಿಯಾ ಎಂಬ ಒಂದೇ ವರ್ಗಕ್ಕೆ. ಈ ವರ್ಗದ ಮೊದಲ ಮಾತ್ರೆ ಜರ್ಮನಿಯ ರೋಗಿಗಳ ಕೈಗೆ ಬಂದದ್ದು 1955ರಲ್ಲಿ. ಅದು ದೇಹದೊಳಗೆ ಹೋಗಿ ಏನನ್ನು ಹಿಡಿದುಕೊಳ್ಳುತ್ತದೆ, ಎಲ್ಲಿ ಕೂತು ಸಕ್ಕರೆ ಇಳಿಸುತ್ತದೆ ಎಂದು ಮೊದಲು ಬರೆದವರು ಯಾರು? ಈ ಒಂದು ಪ್ರಶ್ನೆ ಹಿಡಿದು ಹಳೆಯ ಪತ್ರಿಕೆಗಳೊಳಗೆ ಇಳಿದೆ.

ನನಗೆ ಸಿಕ್ಕ ಉತ್ತರ 1985ರ ‘ಲ್ಯಾನ್ಸೆಟ್’ ಪತ್ರಿಕೆಯ ಒಂದು ಪುಟ್ಟ ಲೇಖನ. ಬರೆದವರು ಸ್ಟರ್ಜೆಸ್, ಆಶ್‌ಫರ್ಡ್, ಕುಕ್ ಮತ್ತು ಹೇಲ್ಸ್. ಸಲ್ಫೊನೈಲ್‌ಯೂರಿಯಾ ಹೋಗಿ ಕೂರುವ ಜಾಗವು ಎಟಿಪಿಗೆ ಸ್ಪಂದಿಸುವ ಪೊಟ್ಯಾಸಿಯಂ ಚಾನೆಲ್ ಇರಬಹುದು ಎನ್ನುತ್ತದೆ ಅದರ ತಲೆಬರಹ. ‘ಇದೆ’ ಎಂದಲ್ಲ, ‘ಇರಬಹುದು’ ಎಂದು. ಅಂದರೆ ಮೂವತ್ತು ವರ್ಷ ಜಗತ್ತಿನ ಉದ್ದಗಲಕ್ಕೂ ವೈದ್ಯರು ಒಂದು ಮಾತ್ರೆಯನ್ನು ಅದರ ಕಾರಣ ತಿಳಿಯದೆಯೇ ಕೊಟ್ಟಿದ್ದಾರೆ, ರೋಗಿಗಳು ನುಂಗಿದ್ದಾರೆ, ಸಕ್ಕರೆ ಇಳಿದಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾರಣ ಸಿಕ್ಕ ಮೇಲೆ ಏನಾಯಿತೋ ಅದಕ್ಕಾಗಿಯೇ ಈ ಕಥೆಯನ್ನು ಪೂರ್ತಿ ಹೇಳಬೇಕು ಅನಿಸಿತು.

ಮೊದಲು ಹಿಂದಕ್ಕೆ ಹೋಗೋಣ. ಈ ಮಾತ್ರೆಗಳ ಜನ್ಮವೃತ್ತಾಂತ ಇರುವುದು ದಕ್ಷಿಣ ಫ್ರಾನ್ಸಿನ ಮೋಂಪೆಲಿಯೇ ಊರಿನ ಆಸ್ಪತ್ರೆಯ ದಾಖಲೆಗಳಲ್ಲಿ. ವರ್ಷ 1942. ಯುದ್ಧಕಾಲ, ಊಟಕ್ಕೆ ತತ್ವಾರ. ಅಲ್ಲಿನ ಸಾಂಕ್ರಾಮಿಕ ರೋಗಗಳ ವಿಭಾಗದ ಮುಖ್ಯಸ್ಥ ಮಾರ್ಸೆಲ್ ಜಾನ್‌ಬೋನ್ ಟೈಫಾಯ್ಡ್ ರೋಗಿಗಳಿಗೆ ಹೊಸ ಸಲ್ಫಾ ಔಷಧವೊಂದನ್ನು ಕೊಟ್ಟು ನೋಡುತ್ತಿದ್ದರು. ರೋನ್-ಪೂಲೆಂಕ್ ಕಂಪನಿ ತಯಾರಿಸಿದ್ದ ಅದಕ್ಕೆ ಆಗ ಇದ್ದದ್ದು ಒಂದು ಸಂಖ್ಯೆ ಮಾತ್ರ: 2254 ಆರ್‌ಪಿ. ಜ್ವರದ ಮಾತು ಹಾಗಿರಲಿ, ಕೆಲವು ರೋಗಿಗಳಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬಂತು, ಕೆಲವರು ಪ್ರಜ್ಞೆ ತಪ್ಪಿದರು, ಕೆಲವರು ಸತ್ತೇಹೋದರು. ರಕ್ತ ಪರೀಕ್ಷಿಸಿದರೆ ಸಕ್ಕರೆ ತಳ ಕಂಡಿತ್ತು. ಜಾನ್‌ಬೋನ್ ಇದನ್ನು ಮುಚ್ಚಿಡಲಿಲ್ಲ. ಈ ಔಷಧದಿಂದ ಅಪಾಯಕಾರಿಯಾಗಿ ಸಕ್ಕರೆ ಇಳಿಯುತ್ತದೆ ಎಂದು ಸಹೋದ್ಯೋಗಿಗಳೊಡನೆ ಅದೇ ವರ್ಷ ‘ಮೋಂಪೆಲಿಯೇ ಮೆಡಿಕಲ್’ ಪತ್ರಿಕೆಯಲ್ಲಿ ಬರೆದರು. ಬರೆದದ್ದು ತಮ್ಮದೇ ವಾರ್ಡಿನ ಸಾವುಗಳ ಬಗ್ಗೆ. ಇಡೀ ಚರಿತ್ರೆಗೆ ನಾನು ಕೃತಜ್ಞತೆಯಿಂದ ಒಂದು ಪುಟ ಆರಿಸಬೇಕಾದರೆ ಆ ವರದಿಯನ್ನು ಆರಿಸುತ್ತೇನೆ.

ಜಾನ್‌ಬೋನ್ ಸಮಸ್ಯೆಯನ್ನು ಒಯ್ದದ್ದು ಅದೇ ಊರಿನ ಶರೀರಶಾಸ್ತ್ರಜ್ಞ ಒಗೂಸ್ತ್ ಲುಬಾತಿಯೇರ್ ಹತ್ತಿರ. ಇನ್ಸುಲಿನ್ ಅವರ ಅಭ್ಯಾಸದ ವಿಷಯವೇ ಆಗಿತ್ತು. 1942ರ ಜೂನ್‌ನಲ್ಲಿ ಅವರು ಉಪವಾಸವಿದ್ದ ನಾಯಿಗೆ ಆ ಔಷಧ ಕೊಟ್ಟು ತಾಸುತಾಸಿಗೂ ರಕ್ತ ತೆಗೆದರು. ಸಕ್ಕರೆ ಮೆಟ್ಟಿಲಿಳಿದಂತೆ ಇಳಿಯಿತು. ಬಳಿಕ ಮೇದೋಜೀರಕ ಗ್ರಂಥಿಯನ್ನೇ ತೆಗೆದುಹಾಕಿದ ನಾಯಿಗೆ ಕೊಟ್ಟರು, ಸಕ್ಕರೆ ಕದಲಲಿಲ್ಲ. ಔಷಧ ತಾನಾಗಿ ಸಕ್ಕರೆ ಕರಗಿಸುವುದಿಲ್ಲ, ಗ್ರಂಥಿಯನ್ನು ಕೆಣಕಿ ಇನ್ಸುಲಿನ್ ಹೊರಡಿಸುತ್ತದೆ ಎಂಬ ತೀರ್ಮಾನಕ್ಕೆ ಅಷ್ಟು ಸಾಕಾಯಿತು. 1946ರ ತಮ್ಮ ಪ್ರಬಂಧದಲ್ಲಿ ಲುಬಾತಿಯೇರ್ ಇದನ್ನೆಲ್ಲ ವಿಸ್ತಾರವಾಗಿ ಬರೆದರು. ಹನ್ನೊಂದು ವರ್ಷದ ಮೇಲೆ ನ್ಯೂಯಾರ್ಕ್ ವಿಜ್ಞಾನ ಅಕಾಡೆಮಿಯ ಸಂಪುಟದಲ್ಲಿ 1942ರಿಂದ 1955ರವರೆಗಿನ ಕಥೆಯನ್ನು ಅವರೇ ಮತ್ತೊಮ್ಮೆ ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟರಲ್ಲಿ ಬರ್ಲಿನ್ನಿನ ಹಾನ್ಸ್ ಫ್ರಾಂಕೆ ಮತ್ತು ಯೋವಾಖಿಮ್ ಫುಕ್ಸ್ ಸೋಂಕಿನ ಔಷಧವೆಂದು ಕಾರ್ಬ್ಯುಟಮೈಡ್ ಅನ್ನು ಪರೀಕ್ಷಿಸುತ್ತ ಅದೇ ಪರಿಣಾಮವನ್ನು ಮತ್ತೆ ಕಂಡಿದ್ದರು. ಫುಕ್ಸ್ ತಾವೇ ಅದನ್ನು ನುಂಗಿ ಬೆವರು, ನಡುಕ, ಹಸಿವು ಅನುಭವಿಸಿದ್ದರು. 1955ರಲ್ಲಿ ಕಾರ್ಬ್ಯುಟಮೈಡ್, ಮರುವರ್ಷ ಟಾಲ್‌ಬ್ಯುಟಮೈಡ್ ಮಾರುಕಟ್ಟೆಗೆ ಬಂದವು.

ಮೋಂಪೆಲಿಯೇ ವರದಿಯಲ್ಲಿ ನಾನು ಮತ್ತೆ ಮತ್ತೆ ನಿಂತ ಜಾಗ ಒಂದಿದೆ. ಎಲ್ಲ ರೋಗಿಗಳಿಗೂ ಹೀಗಾಗಲಿಲ್ಲ. ಆದವರು ಬಹಳ ದಿನದಿಂದ ಸರಿಯಾಗಿ ಉಣ್ಣದೆ ಸೊರಗಿದ್ದವರು. ಕಾರಣ ಇವತ್ತು ಗೊತ್ತು. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಈ ಮಾತ್ರೆ ಕೇಳುವುದಿಲ್ಲ. ಹೊಟ್ಟೆ ತುಂಬಿರಲಿ, ಖಾಲಿ ಇರಲಿ, ಅದು ಇನ್ಸುಲಿನ್ ಹೊರಡಿಸುತ್ತದೆ. ಏಕಾದಶಿಯೆಂದೋ ರಂಜಾನ್ ಎಂದೋ ಉಪವಾಸ ಹಿಡಿದು, ಮಾತ್ರೆ ಮಾತ್ರ ತಪ್ಪಿಸಬಾರದೆಂದು ನುಂಗುವ ನಮ್ಮ ಹಿರಿಯರು 1942ರ ಆ ರೋಗಿಗಳ ಸ್ಥಿತಿಗೆ ತಾವೇ ಹೋಗಿ ನಿಲ್ಲುತ್ತಾರೆ. ಕಿಡ್ನಿ ಸೋತವರಲ್ಲಿ ಔಷಧ ಬೇಗ ಹೊರಹೋಗದೆ ಉಳಿಯುವುದರಿಂದ ಅಪಾಯ ಇನ್ನೂ ಹೆಚ್ಚು. ಉಪವಾಸಕ್ಕೆ ಮುಂಚೆ ಡಾಕ್ಟರನ್ನು ಕೇಳಿ ಮಾತ್ರೆಯ ಹೊತ್ತನ್ನೋ ಪ್ರಮಾಣವನ್ನೋ ಬದಲಿಸಿಕೊಳ್ಳಿ ಎಂದು ಹೇಳುವುದು ಈ ಕಾರಣಕ್ಕೆ.

ಹಾಗಾದರೆ ಆರೋಗ್ಯವಂತ ಗ್ರಂಥಿಗೆ ಸಕ್ಕರೆಯ ಮಟ್ಟ ಗೊತ್ತಾಗುವುದು ಹೇಗೆ? ಇನ್ಸುಲಿನ್ ತಯಾರಿಸುವ ಬೀಟಾ ಕೋಶಕ್ಕೆ ಮೂಗಿಲ್ಲ, ನಾಲಿಗೆಯಿಲ್ಲ. 1968ರಲ್ಲಿ ಡೀನ್ ಮತ್ತು ಮ್ಯಾಥ್ಯೂಸ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಸೋಜಿಗವನ್ನು ವರದಿ ಮಾಡಿದರು. ಇಲಿಯ ಗ್ರಂಥಿಯ ಈ ಕೋಶಗಳೊಳಗೆ ಸೂಕ್ಷ್ಮ ವಿದ್ಯುದ್ವಾರ ತೂರಿಸಿ ಗ್ಲೂಕೋಸ್ ಹಾಯಿಸಿದರೆ ಅವು ನರಕೋಶಗಳಂತೆ ವಿದ್ಯುತ್ ಮಿಡಿತ ತೋರುತ್ತವೆ! ಆಮೇಲೆ 1975ರಲ್ಲಿ ಸ್ವೀಡನ್ನಿನ ಸೆಲಿನ್ ಮತ್ತು ಟಾಲ್ಯೆಡಾಲ್, 1978ರಲ್ಲಿ ಬೆಲ್ಜಿಯಮ್ಮಿನ ಹೆನ್‌ಕ್ವಿನ್ ಇನ್ನೊಂದು ತುದಿ ಹಿಡಿದರು: ಗ್ಲೂಕೋಸ್ ಬಂದಾಗ ಕೋಶದಿಂದ ಪೊಟ್ಯಾಸಿಯಂ ಸೋರುವುದು ಕಡಿಮೆಯಾಗುತ್ತದೆ. ಎರಡನ್ನೂ ಕೂಡಿಸಿ ಓದಿದವರಿಗೆ ಎಲ್ಲೋ ಒಂದು ಪೊಟ್ಯಾಸಿಯಂ ದಾರಿ ಮುಚ್ಚಿಕೊಳ್ಳುತ್ತಿದೆ ಎಂದು ಹೊಳೆಯುತ್ತದೆ. ಆ ದಾರಿಯನ್ನು ಕಣ್ಣಾರೆ ಕಂಡವರಿರಲಿಲ್ಲ.

ಕಾಣುವ ಉಪಾಯ ಬಂದದ್ದು ಎರ್ವಿನ್ ನೇಯರ್ ಮತ್ತು ಬರ್ಟ್ ಸಾಕ್ಮನ್ ರೂಪಿಸಿದ ಪ್ಯಾಚ್ ಕ್ಲ್ಯಾಂಪ್ ವಿಧಾನದಿಂದ. ಅದಕ್ಕೆ ಅವರಿಗೆ 1991ರಲ್ಲಿ ನೊಬೆಲ್ ಸಂದಿತು. ಅತಿಸಣ್ಣ ಗಾಜಿನ ಕೊಳವೆಯ ಬಾಯಿಯನ್ನು ಕೋಶದ ಪೊರೆಗೆ ಒತ್ತಿ ಕೊಂಚ ಹೀರಿದರೆ ಬಿಗಿಯಾಗಿ ಅಂಟುತ್ತದೆ. ಆ ಬಾಯಿಯಷ್ಟಗಲ ಪೊರೆಯಲ್ಲಿ ಒಂದೋ ಎರಡೋ ಚಾನೆಲ್ ಇದ್ದರೆ, ಅದು ತೆರೆದಾಗ ಆಂಪಿಯರ್‌ನ ಲಕ್ಷ ಕೋಟಿಯಲ್ಲೊಂದು ಭಾಗದಷ್ಟು ಕರೆಂಟ್ ಹರಿಯುವುದನ್ನು ಅಳೆಯಬಹುದು. 1983ರಲ್ಲಿ ಜಪಾನಿನ ಅಕಿನೋರಿ ನೋಮಾ ಈ ವಿಧಾನದಿಂದ ಹೃದಯದ ಸ್ನಾಯುವಿನಲ್ಲಿ ಹೊಸ ಬಗೆಯ ಪೊಟ್ಯಾಸಿಯಂ ಚಾನೆಲ್ ಕಂಡರು. ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಹೆಚ್ಚಿದ್ದರೆ ಅದು ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ.

ಮರುವರ್ಷದ ‘ನೇಚರ್’ ಸಂಪುಟಗಳಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡು ಲೇಖನಗಳಿವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಮೊದಲನೆಯದು ಡೇನಿಯಲ್ ಕುಕ್ ಮತ್ತು ನಿಕ್ ಹೇಲ್ಸ್ ಅವರದು. ಅವರು ಬೀಟಾ ಕೋಶದ ಪೊರೆಯ ತುಣುಕನ್ನು ಕಿತ್ತು, ಒಳಮೈಯನ್ನು ಹೊರಗೆ ಮಾಡಿ, ಅದರ ಮೇಲೆ ನೇರವಾಗಿ ಎಟಿಪಿ ಹಾಯಿಸಿದರು. ಚಾನೆಲ್ ಮುಚ್ಚಿತು. ಆದರೆ ಆ ತುಣುಕಿಗೆ ಕೋಶದೊಡನೆ ಸಂಬಂಧವೇ ಕಡಿದಿತ್ತು. ಜೀವಂತ ಕೋಶ ಸಕ್ಕರೆ ಉಂಡಾಗ ಹೀಗೇ ಆಗುತ್ತದೆ ಎಂದು ಅದರಿಂದ ಹೇಳಲಾಗದು. ಎರಡನೆಯದು ಆಕ್ಸ್‌ಫರ್ಡ್‌ನ ಫ್ರಾನ್ಸಿಸ್ ಆಶ್‌ಕ್ರಾಫ್ಟ್ ಮತ್ತು ಸಂಗಡಿಗರದು. ಅವರು ಕೋಶವನ್ನು ಇಡಿಯಾಗಿ ಉಳಿಸಿಕೊಂಡು, ಸುತ್ತಲಿನ ದ್ರವಕ್ಕೆ ಗ್ಲೂಕೋಸ್ ಸೇರಿಸಿದರು. ಕೊಳವೆಯ ಕೆಳಗಿದ್ದ ಚಾನೆಲ್ ಮುಚ್ಚಿಕೊಂಡಿತು. ಅದನ್ನು ಕಂಡ ಹೊತ್ತು ಸಂತೋಷದಿಂದ ಆಕಾಶಕ್ಕೇ ಏರಿದಂತಾಯಿತೆಂದೂ, ಬೆಳಗಾದ ಮೇಲೆ ಎಲ್ಲೋ ಎಡವಿದ್ದೇನೆಂಬ ಅನುಮಾನ ಕಾಡಿತೆಂದೂ ಆಶ್‌ಕ್ರಾಫ್ಟ್ ಮುಂದೆ ಬರೆದಿದ್ದಾರೆ. ಎಡವಿರಲಿಲ್ಲ. ಎರಡೂ ಲೇಖನಗಳ ಚಾನೆಲ್ ಒಂದೇ ಎಂದು 1985ರಲ್ಲಿ ರೋಶ್‌ಮನ್ ಮತ್ತು ಟ್ರೂಬೆ ತೋರಿಸಿದರು.

ಕೆರೆಯ ತೂಬನ್ನು ನೆನೆದರೆ ಇದರ ಕೆಲಸ ಸುಲಭವಾಗಿ ತಿಳಿಯುತ್ತದೆ. ರಕ್ತದಲ್ಲಿ ಸಕ್ಕರೆ ಕಡಿಮೆ ಇರುವಾಗ ಈ ತೂಬು ತೆರೆದಿರುತ್ತದೆ, ಪೊಟ್ಯಾಸಿಯಂ ಹೊರಗೆ ಹರಿಯುತ್ತಿರುತ್ತದೆ. ಧನಾವೇಶ ಹೊರಹೋಗುವುದರಿಂದ ಕೋಶದ ಒಳಗು ಸುಮಾರು ಎಪ್ಪತ್ತು ಮಿಲಿವೋಲ್ಟ್ ಋಣದಲ್ಲಿ ಶಾಂತವಾಗಿರುತ್ತದೆ. ಉಂಡ ಮೇಲೆ ಗ್ಲೂಕೋಸ್ ಒಳಬಂದು ಉರಿಯುತ್ತದೆ, ಎಟಿಪಿ ಏರುತ್ತದೆ, ತೂಬು ಮುಚ್ಚುತ್ತದೆ. ಪೊಟ್ಯಾಸಿಯಂ ಒಳಗೇ ಉಳಿದು ಋಣದ ಮಟ್ಟ ಕರಗುತ್ತಿದ್ದಂತೆ ಕ್ಯಾಲ್ಸಿಯಂ ಚಾನೆಲ್‌ಗಳು ತೆರೆದುಕೊಳ್ಳುತ್ತವೆ. ಒಳನುಗ್ಗಿದ ಕ್ಯಾಲ್ಸಿಯಂ ಇನ್ಸುಲಿನ್ ತುಂಬಿದ ಕಣಗಳನ್ನು ಪೊರೆಗೆ ಒತ್ತಿ ರಕ್ತಕ್ಕೆ ಬಿಡಿಸುತ್ತದೆ. ಸಲ್ಫೊನೈಲ್‌ಯೂರಿಯಾ ಮಾಡುವುದು ಇಷ್ಟೇ: ಎಟಿಪಿ ಏರುವ ತನಕ ಕಾಯದೆ ತೂಬನ್ನು ತಾನೇ ಮುಚ್ಚುತ್ತದೆ. ಲ್ಯಾನ್ಸೆಟ್ ಲೇಖನದ ಆ ‘ಇರಬಹುದು’ ನಿಜವಾಗಿತ್ತು.

ಇಲ್ಲಿ ನಿಕ್ ಹೇಲ್ಸ್ ಅವರ ಬಗ್ಗೆ ಎರಡು ಮಾತು. ಚಾನೆಲ್ ಕಂಡ ಇವರೇ 1992ರಲ್ಲಿ ಡೇವಿಡ್ ಬಾರ್ಕರ್ ಜೊತೆಗೂಡಿ ಒಂದು ವಾದ ಮುಂದಿಟ್ಟರು: ತಾಯಿಯ ಹೊಟ್ಟೆಯಲ್ಲಿ ಪೋಷಣೆ ಸಾಲದ ಮಗು ಮಿತವ್ಯಯಕ್ಕೆ ಒಗ್ಗಿಕೊಂಡು ಹುಟ್ಟುತ್ತದೆ, ದೊಡ್ಡದಾದ ಮೇಲೆ ಮಧುಮೇಹಕ್ಕೆ ಸುಲಭವಾಗಿ ತುತ್ತಾಗುತ್ತದೆ. ಆ ವಾದದ ಪರೀಕ್ಷೆ ನಮ್ಮ ಮೈಸೂರಿನಲ್ಲೂ ನಡೆಯಿತು. ಊರವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿತ್ತು. ಕ್ಯಾರೋಲಿನ್ ಫಾಲ್ ಮತ್ತು ಸಂಗಡಿಗರು ಆ ರಿಜಿಸ್ಟರಿನ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿ 1998ರಲ್ಲಿ ಬರೆದರು. ಇಂಗ್ಲೆಂಡಿನಲ್ಲಿ ಕಂಡಂತೆ ತೂಕ ಕಡಿಮೆಯಿದ್ದವರಿಗಲ್ಲ, ಹುಟ್ಟುವಾಗ ಗಿಡ್ಡಗಿದ್ದೂ ಗುಂಡಗಿದ್ದವರಿಗೆ, ತಾಯಿ ತೂಕವಂತೆಯಾಗಿದ್ದವರಿಗೆ ಇಲ್ಲಿ ಮಧುಮೇಹ ಹೆಚ್ಚು ಕಂಡಿತು. ಹೆರಿಗೆ ವಾರ್ಡಿನಲ್ಲಿ ಕೂತು ಆ ಅಂಕಿಗಳನ್ನು ಬರೆದ ದಾದಿಯರಿಗೆ ಅವು ಯಾವ ಕೆಲಸಕ್ಕೆ ಬರುತ್ತವೆಂದು ಗೊತ್ತಿರುವುದು ಸಾಧ್ಯವೇ ಇರಲಿಲ್ಲ. ಆದರೂ ತಪ್ಪದೆ ಬರೆದರು.

ಮತ್ತೆ ಚಾನೆಲ್‌ಗೆ. 1995ರ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿದಂತೆ ಎರಡು ಲೇಖನಗಳು. ಒಂದರಲ್ಲಿ ಹ್ಯೂಸ್ಟನ್‌ನ ಲಿಡಿಯಾ ಅಗಿಲಾರ್-ಬ್ರಯಾನ್, ಜೋಸೆಫ್ ಬ್ರಯಾನ್ ಮತ್ತು ತಂಡದವರು ವಿಕಿರಣಶೀಲ ಗುರುತು ಹಚ್ಚಿದ ಸಲ್ಫೊನೈಲ್‌ಯೂರಿಯಾವನ್ನೇ ಗಾಳವಾಗಿ ಬಳಸಿ, ಅದು ಅಂಟಿಕೊಳ್ಳುವ ಪ್ರೋಟೀನನ್ನೂ ಅದರ ಜೀನನ್ನೂ ಹಿಡಿದರು. ಎಸ್‌ಯುಆರ್1 ಎಂದು ಹೆಸರಿಟ್ಟರು. ಅದರ ಮುಂದಿನ ಪುಟಗಳಲ್ಲಿರುವ ಲೇಖನ ಇನ್ನೊಂದು ಹಳೆಯ ನೋವಿಗೆ ಹೆಸರು ಕೊಟ್ಟಿತು. ಹುಟ್ಟಿದ ಗಳಿಗೆಯಿಂದಲೂ ಅತಿಯಾಗಿ ಇನ್ಸುಲಿನ್ ಸುರಿಸಿ, ಸಕ್ಕರೆ ಇಳಿದು ಸೆಳೆತಕ್ಕೆ ಒಳಗಾಗುವ ಕೂಸುಗಳನ್ನು ಮಿನೆಸೋಟದ ಇರ್ವಿನ್ ಮೆಕ್ವಾರಿ 1954ರಲ್ಲೇ ವಿವರಿಸಿದ್ದರು. ಅಂಥ ಕುಟುಂಬಗಳಲ್ಲಿ ಎಸ್‌ಯುಆರ್1 ಜೀನ್ ಕೆಟ್ಟಿದೆ ಎಂದಿತು ಈ ಲೇಖನ. ಅವರ ಚಾನೆಲ್ ತೆರೆಯಲಾರದು. ಹಸಿದ ಹೊಟ್ಟೆಯಲ್ಲೂ ಇನ್ಸುಲಿನ್ ಸುರಿಯುತ್ತದೆ. ಮೋಂಪೆಲಿಯೇ ವಾರ್ಡಿನಲ್ಲಿ ಔಷಧ ಮಾಡಿದ್ದನ್ನು ಈ ಕೂಸುಗಳಲ್ಲಿ ಹುಟ್ಟೇ ಮಾಡಿತ್ತು. ಇವರಿಗೆ ಕೊಡುತ್ತಿದ್ದ ಡಯಜಾಕ್ಸೈಡ್ ಮೂಲತಃ ರಕ್ತದೊತ್ತಡದ ಔಷಧ; ಸಕ್ಕರೆ ಏರಿಸುತ್ತದೆಂಬ ಅದರ ಅಡ್ಡಪರಿಣಾಮವನ್ನೇ 1964ರಿಂದ ಚಿಕಿತ್ಸೆಯಾಗಿ ಬಳಸುತ್ತಿದ್ದರು. ಅದೂ ಇದೇ ಚಾನೆಲನ್ನು ಹಿಡಿದು ತೆರೆಯುತ್ತದೆ. ಚಾನೆಲ್ ಪೂರ್ತಿ ನಾಶವಾದ ಮಕ್ಕಳಿಗೆ ಅದು ನಾಟದಿರುವುದೂ ಆಗ ಅರ್ಥವಾಯಿತು.

ಎಸ್‌ಯುಆರ್1 ಒಂದನ್ನೇ ಕೋಶದಲ್ಲಿ ಇಟ್ಟರೆ ಕರೆಂಟ್ ಹರಿಯುತ್ತಿರಲಿಲ್ಲ. ಅದೇ ವರ್ಷದ ಕೊನೆಗೆ ಜಪಾನಿನ ಇನಾಗಾಕಿ, ಸೆಯಿನೋ ಮತ್ತು ಬ್ರಯಾನ್ ತಂಡ ಅದರ ಜೊತೆಗಾರನನ್ನು ಕಂಡಿತು: ಕಿರ್ 6.2. ಪೊಟ್ಯಾಸಿಯಂ ಹಾಯುವ ಕಿಂಡಿ ಇದು, ಎಸ್‌ಯುಆರ್1 ಅದರ ಕಾವಲು. ತಲಾ ನಾಲ್ಕು ಸೇರಿ ಒಂದು ಚಾನೆಲ್. ಎರಡರ ಜೀನ್‌ಗಳೂ ಹನ್ನೊಂದನೆಯ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕದಲ್ಲೇ ಕೂತಿವೆ. 2017ರಲ್ಲಿ ಚೀನಾ ಮತ್ತು ಅಮೆರಿಕದ ತಂಡಗಳು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಎಂಟರ ಕೂಟವನ್ನು ಚಿತ್ರಿಸಿದವು.

ತೆರೆಯದ ಚಾನೆಲ್ ಒಂದು ರೋಗವಾದರೆ, ಮುಚ್ಚದ ಚಾನೆಲ್? ಸೇಂಟ್ ಲೂಯಿಯ ಕಾಲಿನ್ ನಿಕೋಲ್ಸ್ ತಂಡ 2000ದಲ್ಲಿ ಎಟಿಪಿಗೆ ಜಗ್ಗದ ಕಿರ್ 6.2 ಇರುವ ಇಲಿಗಳನ್ನು ಸೃಷ್ಟಿಸಿತು. ಮರಿಗಳ ಬೀಟಾ ಕೋಶಗಳು ಸರಿಯಾಗಿಯೇ ಇದ್ದವು, ಇನ್ಸುಲಿನ್ ಮಾತ್ರ ಹೊರಬರಲಿಲ್ಲ. ರಕ್ತದಲ್ಲಿ ಸಕ್ಕರೆ ವಿಪರೀತ ಏರಿ ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತವು. ಮನುಷ್ಯರಲ್ಲೂ ಹೀಗೆ ಆಗಿರಬಹುದೇ ಎಂದು ಕೇಳುವುದು ಸಹಜವಾಗಿತ್ತು. ಇಂಗ್ಲೆಂಡಿನ ಎಕ್ಸೆಟರ್‌ನ ಆಂಡ್ರ್ಯೂ ಹ್ಯಾಟರ್ಸ್‌ಲಿ, ಅನ್ನಾ ಗ್ಲಾಯ್ನ್ ಮತ್ತು ಅನೇಕ ದೇಶಗಳ ಸಂಗಡಿಗರು ಶೈಶವದಲ್ಲೇ ಮಧುಮೇಹ ಬಂದು ಹಾಗೇ ಉಳಿದ 29 ಮಂದಿಯ ಜೀನ್ ಓದಿದರು. 2004ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಫಲಿತಾಂಶ: 10 ಮಂದಿಗೆ ಕಿರ್ 6.2ರಲ್ಲಿ ದೋಷ. ಅಲ್ಲಿಯವರೆಗೆ ಇವರೆಲ್ಲ ಟೈಪ್ 1 ಮಧುಮೇಹದವರಂತೆ, ಬೀಟಾ ಕೋಶಗಳೇ ಸತ್ತಿವೆ ಎಂಬ ನಂಬಿಕೆಯಲ್ಲಿ, ದಿನಕ್ಕೆ ಹಲವು ಬಾರಿ ಇನ್ಸುಲಿನ್ ಚುಚ್ಚಿಸಿಕೊಂಡವರು. ಕೋಶಗಳು ಸತ್ತಿರಲಿಲ್ಲ. ಇನ್ಸುಲಿನ್ ಒಳಗೇ ಇತ್ತು. ಬಾಗಿಲು ಎಟಿಪಿಯ ಮಾತು ಕೇಳುತ್ತಿರಲಿಲ್ಲ, ಅಷ್ಟೆ.

ಎಟಿಪಿಯ ಮಾತು ಕೇಳದ ಚಾನೆಲ್ ಸಲ್ಫೊನೈಲ್‌ಯೂರಿಯಾದ ಮಾತು ಕೇಳೀತೇ? ಮಾತ್ರೆ ಹಿಡಿಯುವುದು ಕಾವಲಿನವನನ್ನು, ಕೆಟ್ಟಿರುವುದು ಕಿಂಡಿ. 1985ರ ಲೇಖನ ಇಲ್ಲದಿದ್ದರೆ ಈ ಪ್ರಶ್ನೆ ಯಾರ ತಲೆಗೂ ಬರುತ್ತಿರಲಿಲ್ಲ. ಅಜ್ಜ-ಅಜ್ಜಿಯರು ನುಂಗುವ ಮಾತ್ರೆಯನ್ನು ತೊಟ್ಟಿಲ ಮಗುವಿಗೆ ಕೊಡಬೇಕೆಂದು ಯಾವ ಧೈರ್ಯಸ್ಥ ವೈದ್ಯನಿಗೂ ತೋಚುವ ಮಾತಲ್ಲ.

2006ರ ಆಗಸ್ಟ್‌ನಲ್ಲಿ ಅದೇ ‘ನ್ಯೂ ಇಂಗ್ಲೆಂಡ್ ಜರ್ನಲ್’ನಲ್ಲಿ ಪಿಯರ್ಸನ್, ಹ್ಯಾಟರ್ಸ್‌ಲಿ ಮತ್ತಿತರರ ಲೇಖನ ಬಂತು. ಕಿರ್ 6.2 ದೋಷವಿದ್ದ 49 ಮಂದಿಗೆ, ಮೂರು ತಿಂಗಳ ಕೂಸಿನಿಂದ ಹಿಡಿದು ಮೂವತ್ತಾರರ ಹರೆಯದವರವರೆಗೆ, ಮುಖ್ಯವಾಗಿ ಗ್ಲಿಬೆನ್‌ಕ್ಲಮೈಡ್ ಕೊಡಲಾಯಿತು. 44 ಮಂದಿ ಸಿರಿಂಜ್ ಕೆಳಗಿಟ್ಟರು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 8.1ರಿಂದ 6.4ಕ್ಕೆ ಇಳಿಯಿತು. ಇನ್ಸುಲಿನ್ ಚುಚ್ಚುತ್ತಿದ್ದಾಗ ಸಾಧ್ಯವಾಗದ ಹಿಡಿತ ಮಾತ್ರೆಯಿಂದ ಸಿಕ್ಕಿತು. ಪ್ರಮಾಣ ಮಾತ್ರ ದೊಡ್ಡದು, ಮೈತೂಕದ ಒಂದು ಕಿಲೋಗೆ ದಿನಕ್ಕೆ ಸುಮಾರು 0.45 ಮಿಲಿಗ್ರಾಂ, ವಯಸ್ಕರಿಗೆ ಸಾಮಾನ್ಯವಾಗಿ ಕೊಡುವುದಕ್ಕಿಂತ ಬಹಳ ಹೆಚ್ಚು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆ ಲೇಖನದ ಇನ್ನೊಂದು ಭಾಗ. ಇಷ್ಟು ದೊಡ್ಡ ಪ್ರಮಾಣ ಕೊಟ್ಟರೂ ಮೋಂಪೆಲಿಯೇಯಲ್ಲಿ ಆದಂತೆ ಈ ಮಕ್ಕಳ ಸಕ್ಕರೆ ಕುಸಿಯಲಿಲ್ಲ. ಗ್ಲೂಕೋಸನ್ನು ನೇರ ರಕ್ತಕ್ಕೆ ಕೊಟ್ಟಾಗಿನದಕ್ಕಿಂತ ಬಾಯಿಂದ ಕುಡಿಸಿದಾಗ ಇನ್ಸುಲಿನ್ ಚೆನ್ನಾಗಿ ಹೊರಬಂತು. ಊಟ ಕರುಳಿಗೆ ಇಳಿದಾಗ ಹೊರಡುವ ಹಾರ್ಮೋನುಗಳು ಬೇರೆ ದಾರಿಯಿಂದ ಬೀಟಾ ಕೋಶವನ್ನು ಎಬ್ಬಿಸುತ್ತವೆ. ಮಾತ್ರೆ ಚಾನೆಲನ್ನು ಸಾಕಷ್ಟು ಮುಚ್ಚಿ ಕೋಶವನ್ನು ಅಣಿಗೊಳಿಸುತ್ತದೆ, ಯಾವಾಗ ಎಷ್ಟು ಬಿಡಬೇಕೆಂಬುದನ್ನು ಊಟ ನಿರ್ಧರಿಸುತ್ತದೆ. ಹೀಗೆ ಮಾತ್ರೆಗೆ ಬದಲಾದ ಇಂಥ ರೋಗಿಗಳನ್ನು ಹಿಂಬಾಲಿಸಿ 2018ರಲ್ಲಿ ಪ್ರಕಟವಾದ ವರದಿಯಲ್ಲಿ ಸುಮಾರು ಹತ್ತು ವರ್ಷದ ಬಳಿಕವೂ 81 ಮಂದಿಯಲ್ಲಿ 75 ಮಂದಿ ಸಲ್ಫೊನೈಲ್‌ಯೂರಿಯಾ ಒಂದರಲ್ಲೇ ಇದ್ದರು. ಗಂಭೀರವಾಗಿ ಸಕ್ಕರೆ ಕುಸಿದ ಒಂದು ಪ್ರಸಂಗವೂ ದಾಖಲಾಗಿರಲಿಲ್ಲ.

ಎಲ್ಲವೂ ಸರಿಹೋಗುವುದಿಲ್ಲ. ಕಿರ್ 6.2 ಮಿದುಳಿನಲ್ಲೂ ಇದೆ. ದೋಷ ತೀವ್ರವಾಗಿರುವ ಮಕ್ಕಳು ಕುತ್ತಿಗೆ ನಿಲ್ಲಿಸುವುದು, ಕೂರುವುದು, ಮಾತಾಡುವುದು ತಡ, ಕೆಲವರಿಗೆ ಮೂರ್ಛೆರೋಗ. ಮಾತ್ರೆಯಿಂದ ಅಲ್ಲೂ ಒಂದಿಷ್ಟು ಸುಧಾರಣೆ ಕಂಡಿದೆ, ಸಕ್ಕರೆಯಲ್ಲಿ ಕಂಡಷ್ಟು ಅಲ್ಲ.

ಇದು ಅಪರೂಪದ ಕಾಯಿಲೆ. ನಮ್ಮ ಕಡೆಯೂ ಇದೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನ ರಾಧಾ, ಮೋಹನ್ ಮತ್ತು ಸಂಗಡಿಗರು ಭಾರತದ ಮಕ್ಕಳಲ್ಲಿ ಈ ಜೀನ್ ದೋಷಗಳನ್ನು ಗುರುತಿಸಿ ಪ್ರಕಟಿಸಿದ್ದಾರೆ. ಹುಟ್ಟಿದ ಆರು ತಿಂಗಳೊಳಗೆ ಮಧುಮೇಹ ಕಂಡ ಯಾವ ಮಗುವಿಗೂ ತಡಮಾಡದೆ ಜೀನ್ ಪರೀಕ್ಷೆ ಆಗಬೇಕೆಂಬುದು ಮಕ್ಕಳ ಮಧುಮೇಹದ ಅಂತರರಾಷ್ಟ್ರೀಯ ಸಂಘದ ಸಲಹೆ. ಏಕೆಂದರೆ ಆ ವಯಸ್ಸಿನಲ್ಲಿ ಟೈಪ್ 1 ತೀರಾ ವಿರಳ. ಬೆಂಗಳೂರಿನಲ್ಲಾಗಲಿ ಬೀದರಿನಲ್ಲಾಗಲಿ, ಕೂಸಿನ ರಕ್ತ ತೆಗೆದು ಕಳಿಸಿದರೆ ಮುಗಿಯುವ ಕೆಲಸ ಅದು. ದೊಡ್ಡವರಾದ ಮೇಲೂ ಇನ್ಸುಲಿನ್ನಿನಲ್ಲೇ ಇರುವ, ಶೈಶವದಲ್ಲೇ ಶುಗರ್ ಬಂದಿತ್ತೆಂದು ಹೇಳುವ ಯಾರಿಗೂ ಈ ಪರೀಕ್ಷೆ ಸಲ್ಲುತ್ತದೆ. ಆದರೆ ಕಾಯಿಲೆಯೊಡನೆ ಕಳೆದ ವರ್ಷಗಳು ಹೆಚ್ಚಿದಷ್ಟೂ ಮಾತ್ರೆಗೆ ಬದಲಾಗುವ ಅವಕಾಶ ಕುಗ್ಗುತ್ತದೆ ಎಂದು 2016ರ ‘ಡಯಾಬಿಟಾಲಜಿಯಾ’ ಪತ್ರಿಕೆಯ ಲೇಖನ ತೋರಿಸಿದೆ. ಹಾಗಾಗಿ ಆ ರಕ್ತದ ಸ್ಯಾಂಪಲ್ ಹೊರಡಬೇಕಾದದ್ದು ರೋಗ ಗೊತ್ತಾದ ವಾರದಲ್ಲೇ.